ಹೋಲಿ ಲ್ಯಾಂಡ್ ಪ್ಯಾಕೇಜ್ ಟೂರ್: ನಿವೃತ್ತ ಬಸ್ ಡ್ರೈವರೊಬ್ಬನ ಅಭಿಪ್ರಾಯ

ನಮ್ಮ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಹೋಲಿ ಲ್ಯಾಂಡ್, ಅಂದರೆ ಯೇಸು ಬಾಳಿದ ನಾಡಿನ ಟೂರಿನ ಬಣ್ಣದ ಕರಪತ್ರ ಮತ್ತೆ ಕಾಣಿಸಿಕೊಂಡಿದೆ. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ಎಲ್ಲ ನಿಂತಿತ್ತು. ನಾನೂ ನನ್ನ ಹೆಂಡತಿಯೂ ಆ ವರ್ಷ ಫೆಬ್ರವರಿಯಲ್ಲಿ ಹೋಗಿ ಬಂದವರು. ಹಾಗಾಗಿ ಈಗ ಭಾನುವಾರ ಆರಾಧನೆ ಮುಗಿಸಿ ಹೊರಗೆ ಕಾಲಿಟ್ಟರೆ ಒಂದೇ ಪ್ರಶ್ನೆ: "ಹೇಗಿತ್ತು ಅಂಕಲ್, ಕೊಟ್ಟ ದುಡ್ಡಿಗೆ ಮೋಸ ಇಲ್ವಾ?" ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆದು ಬಿಡುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಮೊದಲು ಹೋದವರನ್ನೆಲ್ಲ ವಿಚಾರಿಸಿ ನೋಡಿದ್ದೇನೆ, ಈ ಟೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು.

ನಾನು ಕೆಎಸ್ಸಾರ್ಟಿಸಿಯಲ್ಲಿ ಡ್ರೈವರ್ ಆಗಿದ್ದವನು, ಮಂಗಳೂರು–ಬೆಂಗಳೂರು ರೂಟಿನಲ್ಲೇ ಬಹುಪಾಲು ಸರ್ವಿಸ್ ಕಳೆಯಿತು. ನನ್ನ ಕಣ್ಣಿಗೆ ಮೊದಲು ಬೀಳುವುದು ಟೈಮು, ದೂರ, ಏರು-ಇಳಿಜಾರು. ಬೈಬಲ್ ಪಂಡಿತರ ವಿಮರ್ಶೆ ಬೇಕಾದವರು ಬೇರೆ ಕಡೆ ನೋಡಿ.

ಮೊದಲು ಚೆನ್ನಾಗಿದ್ದದ್ದು. ವೀಸಾ, ಟಿಕೆಟ್, ಗಲ್ಫ್ ಮೇಲೆ ಜೋರ್ಡಾನಿನ ಅಮ್ಮಾನಿಗೆ ವಿಮಾನ, ಎಲ್ಲ ಹೇಳಿದ ಹಾಗೇ ಆಯಿತು. ಇಸ್ರೇಲಿನವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತದೆ ಸಣ್ಣದೊಂದು ಚೀಟಿ ಕೊಡುತ್ತಾರೆ, ಅದನ್ನು ಕಳೆದುಕೊಳ್ಳಬೇಡಿ ಎಂದು ಟೂರ್ ಮ್ಯಾನೇಜರ್ ದಿನಕ್ಕೆ ಮೂರು ಸಲ ಹೇಳುತ್ತಿದ್ದ. ಒಳ್ಳೆ ಹುಡುಗ. ಬಸ್ಸೂ ಹೊಸದು, ಡ್ರೈವರ್ ನಜರೇತಿನ ಕಡೆಯ ಅರಬ್ಬಿ ಕ್ರೈಸ್ತ. ಭಾಷೆ ಬಾರದಿದ್ದರೂ ನಾವಿಬ್ಬರು ಸ್ಟೇರಿಂಗ್ ಹಿಡಿದವರೆಂದು ಗೊತ್ತಾದ ಮೇಲೆ ಮುಂದಿನ ಸೀಟು ನನಗೆ ಖಾಯಂ ಆಯಿತು.

ಊಟದ ಬಗ್ಗೆ ತಕರಾರಿಲ್ಲ. ರಾತ್ರಿ ಅನ್ನ ಇರುತ್ತದೆ, ದಾಲ್ ಹೆಸರಿನದ್ದೊಂದೂ ಇರುತ್ತದೆ. ಗಲಿಲಾಯ ಸಮುದ್ರದ ದಂಡೆಯಲ್ಲಿ 'ಪೇತ್ರನ ಮೀನು' ಎಂದು ಒಂದು ಇಡೀ ಮೀನು ಹುರಿದು ತಂದಿಡುತ್ತಾರೆ, ಅದಕ್ಕೆ ಬೇರೆಯೇ ಡಾಲರ್. ಅದು ತಿಲಾಪಿಯ. ಉಪ್ಪಿಲ್ಲ, ಹುಳಿಯಿಲ್ಲ, ಖಾರದ ಮಾತೇ ಇಲ್ಲ. ಕರಾವಳಿಯವರು ಹುಷಾರು ಮಾರಾಯ್ರೆ, ಇಲ್ಲಿಂದಲೇ ಒಂದು ಪೊಟ್ಟಣ ಮೆಣಸಿನ ಪುಡಿ ಒಯ್ಯಿರಿ.

ಆ ಸಮುದ್ರ ನಿಜಕ್ಕೂ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. ಸಂಡೇ ಸ್ಕೂಲಿನಲ್ಲಿ ಕೇಳಿದಾಗ ಅರಬ್ಬೀ ಸಮುದ್ರದಂಥದ್ದನ್ನೇ ಕಲ್ಪಿಸಿಕೊಂಡಿದ್ದೆ. ಯೇಸು ನೆಲೆಸಿದ್ದ ಕಪೆರ್ನೌಮಿನಿಂದ, ಐದು ರೊಟ್ಟಿ ಎರಡು ಮೀನಿನಲ್ಲಿ ಸಾವಿರಾರು ಜನಕ್ಕೆ ಉಣಿಸಿದ ಅದ್ಭುತ ನಡೆದದ್ದೆಂದು ಹೇಳುವ ತಬ್ಘಾಕ್ಕೆ ಮೂರು ಕಿಲೋಮೀಟರ್ ಅಷ್ಟೇ. ಸುವಾರ್ತೆಯ ಅರ್ಧ ಕಥೆ ಒಂದು ಲೋಕಲ್ ಬಸ್ಸಿನ ರೂಟಿನೊಳಗೆ ನಡೆದುಹೋಗಿದೆ! ಅಷ್ಟು ಸಣ್ಣ ಜಾಗದಲ್ಲಿ ಯಾರಿಗೂ ಯಾರೂ ಅಪರಿಚಿತರಲ್ಲ. ಯೇಸುವನ್ನು ಕಂಡು 'ಇವನು ಆ ಬಡಗಿಯ ಮಗನಲ್ಲವೇ' ಎಂದು ಜನ ಕೇಳಿದ್ದು ಯಾಕೆಂದು ನನಗೆ ಅಲ್ಲಿ ಅರ್ಥವಾಯಿತು.

ದೋಣಿ ಹತ್ತಿದ ಕೂಡಲೇ ನಮ್ಮ ರಾಷ್ಟ್ರಧ್ವಜ ಏರಿಸಿ, ಸ್ಪೀಕರಿನಲ್ಲಿ ಜನಗಣಮನ ಹಾಕುತ್ತಾರೆ. ಯಾವ ದೇಶದವರು ಬಂದರೂ ಅವರವರ ಧ್ವಜ, ಅವರವರ ರಾಷ್ಟ್ರಗೀತೆ. ಎಲ್ಲರ ಕಣ್ಣೂ ಒದ್ದೆಯಾದವು, ನನ್ನದೂ. ಆದರೆ ಅದರ ಬೆನ್ನಿಗೇ ಡ್ಯಾನ್ಸಿನ ಹಾಡು! ನಮ್ಮ ಜೊತೆ ಬಂದಿದ್ದ ಸಭಾಪಾಲಕರು ಎದ್ದು ಹೋಗಿ, ಎಂಜಿನನ್ನೂ ಸ್ಪೀಕರನ್ನೂ ನಿಲ್ಲಿಸಿ ಎಂದು ಕೈಮುಗಿದು ಕೇಳಿಕೊಂಡರು. ದೋಣಿಯವನು ಪಾಪ ಒಪ್ಪಿದ. ಗಾಳಿಗೆ ದೋಣಿ ಮೆಲ್ಲಗೆ ತಿರುಗತೊಡಗಿತು. ಇಡೀ ಟೂರಿನಲ್ಲಿ ಎಲ್ಲರೂ ಒಟ್ಟಿಗೆ ಸುಮ್ಮನೆ ಕೂತದ್ದು ಅಲ್ಲಿ ಮಾತ್ರ, ಅದೂ ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ.

ನನ್ನ ದೊಡ್ಡ ತಕರಾರು ಆ ಪಟ್ಟಿಯ ಮೇಲೆಯೇ. ಕರಪತ್ರದಲ್ಲಿ ಎಷ್ಟು ಸ್ಥಳ ಹೆಚ್ಚು ಬರೆದರೆ ಅಷ್ಟು ಬುಕಿಂಗ್ ಅಲ್ಲವೇ? ಬೇತ್ಲೆಹೇಮಿನ ಕ್ರಿಸ್ತಜನನ ದೇವಾಲಯಕ್ಕೆ ಬಗ್ಗಿ ಹೋಗಬೇಕು, ಬಾಗಿಲು ನಾಲ್ಕಡಿ ಎತ್ತರವಷ್ಟೇ. ಸಾಲಿನಲ್ಲಿ ನಿಂತು ನಿಂತು ಗವಿಗಿಳಿದರೆ ಯೇಸು ಹುಟ್ಟಿದ ಜಾಗವೆಂದು ಇಟ್ಟಿರುವ ಹದಿನಾಲ್ಕು ಮೂಲೆಯ ಬೆಳ್ಳಿ ನಕ್ಷತ್ರದ ಮುಂದೆ ಮಂಡಿಯೂರಲು ಸಿಗುವುದು ಒಂದು ಉಸಿರಿನಷ್ಟು ಹೊತ್ತು. ಅದು ಯಾರ ತಪ್ಪೂ ಅಲ್ಲ, ಜನ ಅಷ್ಟಿದ್ದಾರೆ. ಆದರೆ ಅಲ್ಲಿಂದ ಹೊರಟು ಆಲಿವ್ ಮರದ ಸಾಮಾನಿನ ಅಂಗಡಿಯಲ್ಲಿ ಒಂದು ಗಂಟೆಗೂ ಮೇಲೆ ಕೂರಿಸಿದ್ದು ಕಂಪನಿಯದ್ದೇ ತಪ್ಪು. ಸತ್ತ ಸಮುದ್ರದ ಕೆಸರಿನ ಕ್ರೀಮಿನ ಅಂಗಡಿಯಲ್ಲೂ ಅದೇ ಕಥೆ. ಕಮಿಷನ್ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ, ರಾತ್ರಿ ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಡ್ರೈವರಿಗೆ ಹೇಳಿಕೊಡಬೇಕೇ?

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದ ದಿನದ್ದು ಸ್ವಲ್ಪ ಹೆಚ್ಚು ಬರೆಯಬೇಕು. ಯೆರೂಸಲೇಮ್ ಸಮುದ್ರ ಮಟ್ಟಕ್ಕಿಂತ 750 ಮೀಟರಿನಷ್ಟು ಮೇಲಿದೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. ಮೂವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಸಾವಿರ ಮೀಟರ್ ಇಳಿತ. ಕಿವಿ ಟಪ್ ಎನ್ನುತ್ತದೆ. ಈಗಿನದು ಅಗಲವಾದ ಹೆದ್ದಾರಿ, ಹಳೆಯ ದಾರಿ ಪಕ್ಕದ ವಾದಿ ಕೆಲ್ಟ್ ಕಣಿವೆಯ ಬದಿಯಲ್ಲಿ ಬಂಡೆಗಳ ನಡುವೆ ಸುತ್ತಿಕೊಂಡು ಹೋಗುತ್ತದೆ. ನಮ್ಮ ಶಿರಾಡಿಯಂತೆಯೇ ತಿರುವು, ಒಂದು ಮರವೂ ಇಲ್ಲ ಅನ್ನುವುದಷ್ಟೇ ವ್ಯತ್ಯಾಸ. ಯೇಸು ಹೇಳಿದ ಒಂದು ಕಥೆ ನಡೆಯುವುದು ಇದೇ ದಾರಿಯಲ್ಲಿ: ಕಳ್ಳರ ಕೈಗೆ ಸಿಕ್ಕು ಬಿದ್ದವನನ್ನು ಒಬ್ಬ ಯಾಜಕ ಕಂಡೂ ಕಾಣದಂತೆ ಹೋಗುತ್ತಾನೆ, ಪರಜಾತಿಯೆನಿಸಿದ ಸಮಾರ್ಯದವನೊಬ್ಬ ನಿಂತು ಕಾಪಾಡುತ್ತಾನೆ. ಆ ಯಾಜಕನನ್ನು ಚರ್ಚಿನ ಪ್ರಸಂಗಗಳಲ್ಲಿ ಕಲ್ಲೆದೆಯವನೆಂದೇ ಕೇಳುತ್ತಾ ಬಂದಿದ್ದೇನೆ. ಘಾಟಿಯಲ್ಲಿ ಓಡಿಸಿದವನಿಗೆ ಹಾಗನಿಸುವುದಿಲ್ಲ. ಅವನಿಗೆ ಹೆದರಿಕೆ. ತಿರುವಿನಲ್ಲಿ ನಿಂತವನು ತಾನೂ ಸಿಕ್ಕಿಬೀಳಬಹುದು. ಸಮಾರ್ಯದವನಿಗೆ ಆ ಹೆದರಿಕೆ ಇರಲಿಲ್ಲವೆಂದೇನಿಲ್ಲ, ಅವನೂ ಹೆದರಿಯೇ ನಿಂತಿರಬೇಕು. ಈ ಮಾತು ನನಗೆ ಯಾವ ಪ್ರಸಂಗದಲ್ಲೂ ಸಿಕ್ಕಿರಲಿಲ್ಲ, ಆ ಇಳಿಜಾರಿನಲ್ಲಿ ಸಿಕ್ಕಿತು. ಅದೇ ಹೆದ್ದಾರಿಯ ಬದಿಯಲ್ಲಿ 'ಒಳ್ಳೆಯ ಸಮಾರ್ಯದವನ ಛತ್ರ' ಎಂದು ಹಳೆಯ ಮೊಸಾಯಿಕ್‌ಗಳ ಮ್ಯೂಸಿಯಂ ಇದೆ. ಗೈಡ್ ಮೈಕಿನಲ್ಲಿ "ಅಲ್ಲಿ ನೋಡಿ" ಎಂದ, ನೋಡುವಷ್ಟರಲ್ಲಿ ಹಿಂದೆ ಹೋಯಿತು. ನಿಲ್ಲಿಸಲಿಲ್ಲ. ಎಂಥ ಜಾಗದಲ್ಲಿ ನಿಲ್ಲಿಸದೆ ಹೋದೆವು ಎಂದು ಹಿಂದಿನ ಸೀಟಿನ ಟೀಚರ್ ಬಾಯಿ ಬಿಟ್ಟು ನಕ್ಕರು, ಗೈಡಿಗೆ ನಗುವಿನ ಅರ್ಥ ಆಗಲಿಲ್ಲ.

ಇನ್ನು ಹೋಟೆಲ್. ಪಟ್ಟಿಯಲ್ಲಿ 'ಯೆರೂಸಲೇಮಿನಲ್ಲಿ ತಂಗುವಿಕೆ' ಎಂದಿತ್ತು, ಇಳಿಸಿದ್ದು ಬೇತ್ಲೆಹೇಮಿನಲ್ಲಿ. ಹತ್ತೇ ಕಿಲೋಮೀಟರ್ ದೂರ, ಆದರೆ ನಡುವೆ ಇಸ್ರೇಲಿನವರು ಕಟ್ಟಿದ ದೊಡ್ಡ ಗೋಡೆ, ಚೆಕ್‌ಪೋಸ್ಟು. ಹೀಗಾಗಿ ಯೇಸುವಿನ ಸಮಾಧಿಯಿರುವ ಪುನರುತ್ಥಾನದ ದೇವಾಲಯಕ್ಕೆ ಹೋದದ್ದು ನಡುಮಧ್ಯಾಹ್ನ, ನೂಕುನುಗ್ಗಲು. ಸಮಾಧಿಯ ಸಾಲು ಅರ್ಧ ಕರಗುವ ಮೊದಲೇ "ಟೈಮ್ ಆಯ್ತು" ಎಂದು ಕರೆ ಬಂತು. ಕ್ರಿಸ್ತನ ಸಮಾಧಿ ನೋಡಲು ಬಂದು ಹೊರಗಿನಿಂದ ಫೋಟೋ ತೆಗೆದುಕೊಂಡು ಹೋಗುವುದೇ?

ಪಟ್ಟಿಯಲ್ಲಿ ಒಂದು ಬೆಳಗ್ಗೆ 'ಶಾಪಿಂಗ್' ಎಂದಿತ್ತು. ಮ್ಯಾನೇಜರನ್ನು ಒಪ್ಪಿಸಿ ನಾನೂ ಹೆಂಡತಿಯೂ ಆ ದೇವಾಲಯಕ್ಕೆ ಮತ್ತೆ ಹೋಗಲೆಂದು ಕತ್ತಲಿರುವಾಗಲೇ 231ನೇ ನಂಬರಿನ ಲೋಕಲ್ ಬಸ್ಸು ಹತ್ತಿದೆವು. ಅದು ಯೆರೂಸಲೇಮಿನ ಹಳೆ ಪಟ್ಟಣದ ದಮಸ್ಕದ ಬಾಗಿಲಿನ ಹತ್ತಿರ ಬಿಡುತ್ತದೆ. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಯಾರೂ ಏನೂ ಹೇಳಲಿಲ್ಲ, ಕೆಲಸಕ್ಕೆ ಹೊರಟಿದ್ದ ಪ್ಯಾಲೆಸ್ತೀನಿನ ಗಂಡಸರು ಹೆಂಗಸರು ತಾವಾಗಿಯೇ ಎದ್ದು, ಟಿಫಿನ್ ಚೀಲ ಸೀಟಿನ ಮೇಲೆಯೇ ಬಿಟ್ಟು, ಮಳೆಯಲ್ಲಿ ಇಳಿದು ಕಾರ್ಡು ಹಿಡಿದು ಸಾಲು ನಿಂತರು. ನಾವೂ ಎದ್ದೆವು. ಒಬ್ಬಳು ಹುಡುಗಿ ನನ್ನ ಹೆಂಡತಿಯ ತೋಳು ಹಿಡಿದು ಕೂರಿಸಿದಳು. ವಿದೇಶಿಯರು ಇಳಿಯಬೇಕಾಗಿಲ್ಲವಂತೆ. ಸೈನಿಕ ಮೇಲೆ ಬಂದು ನಮ್ಮ ಪಾಸ್‌ಪೋರ್ಟ್ ತಿರುವಿ ನೋಡಿ "ಇಂಡಿಯಾ?" ಎಂದು ನಕ್ಕು ಹೋದ. ನನ್ನ ಸರ್ವಿಸಿನಲ್ಲಿ ಬಸ್ಸು ನಿಲ್ಲಿಸಿದ ಎಷ್ಟೋ ತಪಾಸಣೆ ಕಂಡಿದ್ದೇನೆ, ಹೀಗೆ ಕೂತೇ ಉಳಿದ ಸಂಕೋಚ ಮಾತ್ರ ಮೊದಲ ಸಲ.

ದೇವಾಲಯದಲ್ಲಿ ಆ ಹೊತ್ತಿಗೆ ಹೆಚ್ಚು ಜನ ಇರಲಿಲ್ಲ. ಆರು ಕ್ರೈಸ್ತ ಪಂಗಡದವರು ಹಂಚಿಕೊಂಡಿರುವ ಜಾಗ ಅದು: ಗ್ರೀಕರು, ಕ್ಯಾಥೊಲಿಕರು, ಅರ್ಮೇನಿಯದವರು, ಕಾಪ್ಟರು, ಸಿರಿಯದವರು, ಇಥಿಯೋಪಿಯದವರು. ಬೀಗದ ಕೈ ಮಾತ್ರ ತಲೆತಲಾಂತರದಿಂದ ಮುಸ್ಲಿಂ ಮನೆತನದವರ ಬಳಿ. ಒಳಹೊಕ್ಕ ಕೂಡಲೇ ಎದುರಾಗುವುದು ಯೇಸುವಿನ ದೇಹಕ್ಕೆ ಸುಗಂಧ ಹಚ್ಚಿದ ಜಾಗದ ಕಲ್ಲುಹಾಸು. ಈಗಿರುವ ಕಲ್ಲು 1810ರದ್ದು ಎಂದು ಗೈಡೇ ಹೇಳಿದ್ದ. ಬಿಳಿ ಶಾಲು ಹೊದ್ದ ಒಬ್ಬ ಮುದುಕಿ ಅದರ ಮೇಲೆ ಎಣ್ಣೆ ಸುರಿದು, ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಜೋಪಾನವಾಗಿ ಮಡಚಿ ಇಟ್ಟುಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರೋ ಕಾಯಿಲೆಯವರಿಗಿರಬೇಕು. ನಾವು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟಂಟರು, ಬಾಸೆಲ್ ಮಿಶನಿನ ಮೊಮ್ಮಕ್ಕಳು, ಕಲ್ಲು ಮುಟ್ಟಿ ನಮಸ್ಕರಿಸುವ ಪದ್ಧತಿ ನಮ್ಮಲ್ಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ಕೂತು ಎರಡೂ ಅಂಗೈ ಊರಿದಳು. ನಾನೂ ಊರಿದೆ. ಕಲ್ಲು ತಣ್ಣಗಿತ್ತು, ಎಣ್ಣೆಗೆ ಜಾರುತ್ತಿತ್ತು. ಅದು ಅಸಲಿ ಕಲ್ಲೋ ಅಲ್ಲವೋ ಎಂಬ ವಾದ ಆ ಮುದುಕಿಯ ಪಕ್ಕದಲ್ಲಿ ನನಗೆ ಬೇಡವಾಯಿತು.

ಐದಕ್ಕೆ ಮೂರು ಕೊಡುತ್ತೇನೆ. ಹೋಗುವವರು ಮುಂಗಡ ಕಟ್ಟುವ ಮೊದಲು ಬಾಯಿಮಾತಿಗೆ ಒಪ್ಪದೆ ಬರೆಸಿಕೊಳ್ಳಿ: ಯಾವ ಊರಿನ ಹೋಟೆಲು, ಅಂಗಡಿಗೆಂದು ಎಷ್ಟು ನಿಲುಗಡೆ, ಗೈಡಿಗೂ ಡ್ರೈವರಿಗೂ ಕೊಡುವ ಟಿಪ್ಸ್ ಪ್ಯಾಕೇಜಿನೊಳಗೋ ಹೊರಗೋ. ನಮಗೆ ಹೊರಗೆಂದು ಗೊತ್ತಾದದ್ದು ಅಮ್ಮಾನಿನಲ್ಲಿ ಇಳಿದ ಮೇಲೆ. ಗಲಾಟೆ ಶುರುವಾಗಿ ಟೂರು ರದ್ದಾದರೆ ಹಣ ವಾಪಸು ಬರುತ್ತದೆಯೇ ಎನ್ನುವುದನ್ನೂ ಕೇಳಿ, ಸರ್ಕಾರದ ಪ್ರಯಾಣ ಸೂಚನೆ ನೋಡಿಕೊಂಡೇ ಹೊರಡಿ. ಮೊಣಕಾಲು ನೋವಿರುವ ಅಪ್ಪ-ಅಮ್ಮಂದಿರನ್ನು ಕಳಿಸುವ ಮಕ್ಕಳಿಗೆ ಒಂದು ಮಾತು: ಯೆರೂಸಲೇಮಿನಲ್ಲಿ ಯೇಸು ಶಿಲುಬೆ ಹೊತ್ತು ನಡೆದನೆನ್ನುವ ಶಿಲುಬೆಯ ಹಾದಿ ಪೂರ್ತಿ ಮೆಟ್ಟಿಲು ಮತ್ತು ನುಣುಪು ಕಲ್ಲು, ಫೆಬ್ರವರಿಯಲ್ಲಿ ಮಳೆ ಬೇರೆ. ಹೊಸ ಚಪ್ಪಲಿ ಬೇಡ, ಹಿಡಿತವಿರುವ ಶೂ ತೆಗೆಸಿಕೊಡಿ, ಹೊರಡುವ ಮೊದಲೇ ಮನೆಯಲ್ಲಿ ಹಾಕಿಸಿ ನಡೆಸಿ.