ಮೀಟಿಂಗ್ ನೋಟ್ಸ್‌ಗೆ ಕಾಲ್ ರೆಕಾರ್ಡಿಂಗ್: ಮೂರು ಡಯಲರ್, ಒಂದು ಹಳೇ ಉಪಾಯ

ನಾನು ಮನೆಗಳ ಇಂಟೀರಿಯರ್ ಕೆಲಸ ಮಾಡಿಸುತ್ತೇನೆ. ನಮ್ಮ ಮೀಟಿಂಗ್ ಮುಕ್ಕಾಲುಪಾಲು ಫೋನಿನಲ್ಲೇ ಮುಗಿಯುತ್ತದೆ. ಮನೆ ಮಾಲೀಕರು ಒಂದು ಕಡೆ, ಕಾರ್ಪೆಂಟರ್ ಇನ್ನೊಂದು ಕಡೆ. ಮಾತಾಡುತ್ತಲೇ ಬರೆದುಕೊಳ್ಳೋಕೆ ಹೋದರೆ ಅರ್ಧ ಮಾತು ತಪ್ಪಿಹೋಗುತ್ತದೆ. ಅದಕ್ಕೇ ಕಾಲ್ ರೆಕಾರ್ಡ್ ಮಾಡಿಕೊಂಡು ಸಂಜೆ ನೋಟ್ಸ್ ಬರೆಯುತ್ತೇನೆ. ನಾನು ನೋಡೋದು ಒಂದೇ: ಹದಿನೈದು ದಿನ ಬಿಟ್ಟು "ಅವತ್ತು ಯಾವ ಪ್ಲೈವುಡ್ ಅಂದಿದ್ರಿ?" ಅಂತ ಯಾರಾದರೂ ಕೇಳಿದರೆ ಉತ್ತರ ಬೇಗ ಸಿಗಬೇಕು.

ಪ್ಲೇ ಸ್ಟೋರ್‌ನ ರೆಕಾರ್ಡರ್ ಆ್ಯಪ್‌ಗಳ ಆಸೆ ಬಿಟ್ಟುಬಿಡಿ. 2022ರ ಮೇ 11ರಿಂದ ಆಕ್ಸೆಸಿಬಿಲಿಟಿ ಅನುಮತಿ (ಅಂಗವಿಕಲರ ನೆರವಿಗೆಂದು ಇರುವ ಸೌಲಭ್ಯ) ಬಳಸಿ ಕಾಲ್ ರೆಕಾರ್ಡ್ ಮಾಡೋದನ್ನು ಗೂಗಲ್ ನಿಲ್ಲಿಸಿದೆ. ನಾನು ಹಾಕಿ ನೋಡಿದ ಒಂದು ಆ್ಯಪ್‌ನಲ್ಲಿ ನನ್ನ ದನಿ ಮಾತ್ರ ಕೇಳಿಸಿತು, ಆ ಕಡೆಯವರದು ಬರೀ ಮೌನ. ಫೋನಿನ ಜೊತೆ ಬಂದ ಡಯಲರ್, ಅಂದರೆ ಕಾಲ್ ಮಾಡುವ ಆ್ಯಪ್, ಒಂದೇ ನಂಬಿಕಸ್ಥ.

ಅದರಲ್ಲಿ ನನ್ನ ಓಟು ಸ್ಯಾಮ್‌ಸಂಗ್‌ಗೆ. ಇಲ್ಲಿ ಮಾರುವ ಫೋನುಗಳಲ್ಲಿ ಡಯಲರ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ರೆಕಾರ್ಡ್ ಆನ್ ಮಾಡಬಹುದು. ಎಲ್ಲ ಕಾಲ್ ಬೇಡ, ಇಂತಿಂಥ ನಂಬರ್ ಮಾತ್ರ ಸಾಕು ಅಂತಲೂ ಹೇಳಬಹುದು. ನಾನು ಸೈಟಿನ ನಂಬರ್‌ಗಳನ್ನಷ್ಟೇ ಹಾಕಿದ್ದೇನೆ, ನಮ್ಮ ಮನೆಯವರ ಮಾತು ಅದರಲ್ಲಿ ಸೇರಬಾರದು ಅಲ್ವಾ? ಫೈಲಿನ ಹೆಸರಲ್ಲೇ ವ್ಯಕ್ತಿಯ ಹೆಸರು, ತಾರೀಖು, ಸಮಯ ಇರುತ್ತದೆ. ಕಾಂಟ್ಯಾಕ್ಟ್ ಹೆಸರಿನ ಜೊತೆ ಸೈಟಿನ ಹೆಸರನ್ನೂ ಸೇರಿಸಿ ಸೇವ್ ಮಾಡಿದರೆ ಒಂದು ಮನೆಯ ಕಾಲ್‌ಗಳೆಲ್ಲ ಒಂದೇ ಹುಡುಕಾಟಕ್ಕೆ ಸಿಗುತ್ತವೆ. ನನಗೆ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ಗೂಗಲ್ ಡಯಲರ್ ಇರುವ ಫೋನುಗಳಲ್ಲಿ ರೆಕಾರ್ಡ್ ಒತ್ತಿದ ಕೂಡಲೇ ಆ ವಿಷಯ ಇಬ್ಬರಿಗೂ ಕೇಳುವಂತೆ ಹೇಳುತ್ತದೆ. ವಯಸ್ಸಾದವರು ಒಂದು ಕ್ಷಣ ಗಾಬರಿಯಾಗುತ್ತಾರೆ, ನಿಜ. ಆದರೂ ಈ ಪದ್ಧತಿ ನನಗೆ ಇಷ್ಟ. ರೆಕಾರ್ಡಿಂಗ್‌ಗಳು ಕಾಲ್ ಹಿಸ್ಟರಿಯೊಳಗೇ ಇರುತ್ತವೆ, ಬೇಕಾದ್ದನ್ನು ಒಂದೊಂದಾಗಿ ಶೇರ್ ಮಾಡಿ ಹೊರಗೆ ತೆಗೆಯಬೇಕು. ಕಾಲ್ ಜಾಸ್ತಿ ಇರುವವರಿಗೆ ಇದು ನಿಧಾನ.

ಐಫೋನಿಗೆ ಈ ಸೌಲಭ್ಯ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಐಒಎಸ್ 18.1 ಜೊತೆ. ಇದೂ ಇಬ್ಬರಿಗೂ ಹೇಳಿಯೇ ಶುರು ಮಾಡುತ್ತದೆ. ರೆಕಾರ್ಡಿಂಗ್ ನೇರ ನೋಟ್ಸ್ ಆ್ಯಪ್‌ಗೆ ಹೋಗುತ್ತದೆ. ಇಂಗ್ಲಿಷ್‌ನಲ್ಲಿ ಮಾತಾಡಿದ್ದರೆ ಅಕ್ಷರ ರೂಪವೂ ಸಿಗುತ್ತದೆ, ಅದರಲ್ಲೇ ಪದ ಹುಡುಕಬಹುದು. ನನ್ನ ಆರ್ಕಿಟೆಕ್ಟ್ ಜೊತೆಗಿನ ಕಾಲ್‌ಗೆ ಇದನ್ನು ಮೀರಿಸಿದ್ದು ಇಲ್ಲ. ಆದರೆ ನಮ್ಮ ಕಾರ್ಪೆಂಟರ್ ಮಾತಾಡೋದು ಕನ್ನಡ. ಅಕ್ಷರ ರೂಪ ಸಿಗುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ.

ಕನ್ನಡಕ್ಕೆ ನಾನು ಮಾಡೋದು ಹೀಗೆ: ರೆಕಾರ್ಡಿಂಗ್ ಪ್ಲೇ ಮಾಡಿ, ಇನ್ನೊಂದು ಫೋನಿನಲ್ಲಿ ಗೂಗಲ್ ವಾಯ್ಸ್ ಟೈಪಿಂಗ್ ಕನ್ನಡಕ್ಕೆ ಇಟ್ಟು ಪಕ್ಕದಲ್ಲಿಡುತ್ತೇನೆ. 2017ರಿಂದ ಅದಕ್ಕೆ ಕನ್ನಡ ಬರುತ್ತದೆ. ಮಾತಿನ ಸಾರ ಸಿಗುತ್ತದೆ, ಅಂಕಿಗಳನ್ನು ಮಾತ್ರ ನಂಬಬೇಡಿ. ಹಳೇ ತರಹದ ಕಾಲ್‌ನಲ್ಲಿ 3,400 ಹರ್ಟ್ಸ್‌ಗಿಂತ (ಹರ್ಟ್ಸ್ ಅಂದರೆ ದನಿಯ ಏರಿಕೆಯ ಅಳತೆ) ಮೇಲಿನ ದನಿ ದಾಟುವುದೇ ಇಲ್ಲ. "ಎಪ್ಪತ್ತು", "ಎಂಬತ್ತು" ಒಂದೇ ತರಹ ಕೇಳಿಸುತ್ತವೆ. ಇಬ್ಬರ ಫೋನೂ 4ಜಿ ವೋಲ್ಟಿಯಲ್ಲಿದ್ದರೆ (ಕಾಲ್ ಕೂಡ 4ಜಿ ನೆಟ್‌ವರ್ಕ್‌ನಲ್ಲೇ ಹೋಗುವ ವ್ಯವಸ್ಥೆ) ಸುಮಾರು 7,000 ಹರ್ಟ್ಸ್ ತನಕ ದಾಟಬಹುದು, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಆದರೂ ಕಾಲ್ ಇಡುವ ಮುಂಚೆ "ಏಳು ಸೊನ್ನೆ ಇಂಚು ಅಲ್ವಾ ಅಣ್ಣ?" ಅಂತ ಅಂಕಿ ಬಿಡಿಸಿ ಹೇಳಿಸಿಕೊಳ್ಳುತ್ತೇನೆ.

ಸ್ಯಾಮ್‌ಸಂಗ್ ತಾನಾಗಿ ಏನೂ ಹೇಳುವುದಿಲ್ಲ, ಆದ್ದರಿಂದ ನಾವೇ ಹೇಳಬೇಕು. "ಮೇಡಂ, ನೋಟ್ಸ್‌ಗೆ ರೆಕಾರ್ಡ್ ಮಾಡ್ಕೋತೀನಿ, ಆಗಬಹುದಾ?" ಅಂದರೆ ಸಾಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಕೇಸಿನಲ್ಲಿ. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿಕೊಳ್ಳೋದು ನನಗೆ ಸರಿ ಕಾಣುವುದಿಲ್ಲ.

ಇನ್ನು ಅಮೆರಿಕದಲ್ಲಿ ಕೂತು ಇಲ್ಲಿ ಮನೆ ಮಾಡಿಸುವವರದು ವಾಟ್ಸ್‌ಆ್ಯಪ್ ಕಾಲ್. ಅದಕ್ಕೆ ಈ ಮೂರು ಡಯಲರ್‌ಗಳೂ ನಡೆಯುವುದಿಲ್ಲ. ಅಲ್ಲಿ ಹಳೇ ಉಪಾಯವೇ ಗತಿ: ಸ್ಪೀಕರ್ ಆನ್ ಮಾಡಿ, ಎರಡನೇ ಫೋನಿನ ವಾಯ್ಸ್ ರೆಕಾರ್ಡರ್ ಹತ್ತಿರ ಇಡೋದು. ಫ್ಯಾನ್ ಆಫ್ ಮಾಡಿ, ಫೋನಿನ ಕೆಳಗೆ ಮಡಚಿದ ಟವೆಲ್ ಹಾಕಿ. ಟೇಬಲ್ಲಿನ ಗುಂಯ್ ಸದ್ದು ನಿಂತು ಮಾತು ಬಿಡಿಬಿಡಿಯಾಗಿ ಕೇಳುತ್ತದೆ.