ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಲು ಯಾರಿಗೂ ಬಿಡಬೇಡಿ

ಹಳೇ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಫಿಯೆಟ್, ಪದ್ಮಿನಿ, ಅಂಬಾಸಿಡರ್, ಯಾವುದೇ ಇರಲಿ. ಚಾರ್ಜಿಂಗ್ ಚೆಕ್ ಮಾಡ್ತೀನಿ ಅಂತ ಯಾರಾದರೂ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್‌ಗೆ ಸ್ಪ್ಯಾನರ್ ಹಾಕಿದರೆ, ಅವರ ಕೈ ಹಿಡಿದು ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ. ಅದೂ ಸೇರಿ, ಅಳೆದು ನೋಡದೆ ಮಾಡಿಸಿದ ರಿಪೇರಿಗಳಿಗೆ ನಾಲ್ಕು ತಿಂಗಳು ಅಲೆದೆ, ಎಂಟು ಸಾವಿರ ರೂಪಾಯಿ ಕಳೆದುಕೊಂಡೆ. ದುಡ್ಡಿಗಿಂತ ಜಾಸ್ತಿ ನನ್ನನ್ನು ಕಾಡುವುದು ಶಿರಾಡಿ ಘಾಟಿಯ ಆ ಒಂದು ರಾತ್ರಿ.

ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡಲು ಮೊದಲು ಡೈನಮೋ ಇತ್ತು. ಅದನ್ನು ತೆಗೆಸಿ, ಅದೇ ಕೆಲಸ ಮಾಡುವ, ಒಳಗೇ ರೆಗ್ಯುಲೇಟರ್ (ವೋಲ್ಟೇಜ್ ಹದ್ದಿನಲ್ಲಿಡುವ ಭಾಗ) ಇರುವ ಆಲ್ಟರ್ನೇಟರ್ ಹಾಕಿಸಿದ್ದೂ ಅಪ್ಪನೇ. ವರ್ಷಗಟ್ಟಲೆ ಒಂದು ತಕರಾರಿಲ್ಲದೆ ಓಡಿದ ಗಾಡಿ. ಅವರು ಹೋದ ಮೇಲೆ ಬಾಡಿಯಲ್ಲಿ ತುಕ್ಕು ಜಾಸ್ತಿಯಾಗಿತ್ತು. ಈ ಮಾರ್ಚ್‌ನಲ್ಲಿ ಎಂಜಿನ್ ಇಳಿಸಿ ಪೂರ್ತಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದೆ. ಮನೆಗೆ ಬಂದಾಗ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ಏಪ್ರಿಲ್‌ನಲ್ಲಿ ಬೆಳಿಗ್ಗೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಎಳೆಯುವುದು ಕಮ್ಮಿಯಾಯಿತು. ಗುರ್... ಗುರ್... ಅಂತ ಎರಡು ಸಲ ನರಳಿ ಸ್ಟಾರ್ಟ್ ಆಗುತ್ತಿತ್ತು. ಇನ್ನೊಂದು ವಿಷಯವನ್ನೂ ಗಮನಿಸಿದ್ದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆದ ಚೋಕ್ ಒಳಗೆ ತಳ್ಳಲು ಹೋದಾಗ ಅದರ ಕಡ್ಡಿ ಬಿಸಿ ಇರುತ್ತಿತ್ತು. ತಣ್ಣಗಿನ ಎಂಜಿನ್, ಬೆಳಗಿನ ಆರು ಗಂಟೆ, ಚೋಕ್ ಯಾಕೆ ಬಿಸಿಯಾಗಬೇಕು? ಅಲ್ಲೇ ಉತ್ತರ ಇತ್ತು. ಆದರೆ ಯೋಚಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಬ್ಯಾಟರಿ ಅಂಗಡಿಯವರು ‘ಬ್ಯಾಟರಿ ಹೋಗಿದೆ ಸಾರ್’ ಅಂದರು. 4,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು, ಆಮೇಲೆ ಅದೇ ಕತೆ.

ಜೂನ್‌ನಲ್ಲಿ ಹೆಂಡತಿ, ಮಗಳ ಜೊತೆ ಹಾಸನದಿಂದ ಮಂಗಳೂರಿಗೆ ಹೊರಟೆ. ಸಕಲೇಶಪುರ ದಾಟುವಾಗಲೇ ಕತ್ತಲು. ಘಾಟಿಯಲ್ಲಿ ಸುರಿಯುವ ಮಳೆ. ಮಾರನಹಳ್ಳಿ ದಾಟಿದ ಮೇಲೆ ಹೆಡ್‌ಲೈಟ್ ಹಳದಿಗೆ ತಿರುಗಿತು. ವೈಪರ್ ಅರ್ಧಕ್ಕೆ ಬಂದು ಯೋಚನೆ ಮಾಡಿ ವಾಪಸ್ ಹೋಗುತ್ತಿತ್ತು. ಹಿಂದಿನಿಂದ ಟ್ಯಾಂಕರ್‌ಗಳ ಹಾರ್ನ್. ಎದುರು ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ, ಕಣಿವೆ ಎಲ್ಲಿ ಶುರುವಾಗುತ್ತದೆ ಅಂತ ಕಾಣುತ್ತಿರಲಿಲ್ಲ. ಎಂಜಿನ್ ಮಿಸ್ ಹೊಡೆಯಲು ಶುರುವಾಯಿತು. ಬ್ಯಾಟರಿ ಇಳಿದರೆ ಇಗ್ನಿಷನ್ ಕಾಯಿಲ್‌ಗೂ ಬಲ ಸಾಲದು, ಸ್ಪಾರ್ಕ್ ಸಣ್ಣದಾಗುತ್ತದೆ. ಹೇಗೋ ಒಂದು ಟೀ ಅಂಗಡಿ ಸಿಕ್ಕಿತು. ಅದರ ಮುಂದೆ ನಿಲ್ಲಿಸಿ, ಕಾರಿನೊಳಗೇ ಬೆಳಗು ಮಾಡಿದೆವು. ಮಗಳು ನನ್ನ ಕೈ ಬಿಡಲೇ ಇಲ್ಲ.

ಲೆಕ್ಕ ಬಹಳ ಸುಲಭ. 60 ವ್ಯಾಟ್‌ನ ಎರಡು ಹೆಡ್‌ಲೈಟ್‌ಗೇ 10 ಆಂಪಿಯರ್ ಬೇಕು. ವೈಪರ್, ಹಿಂದಿನ ದೀಪ, ಇಗ್ನಿಷನ್ ಸೇರಿದರೆ ಇನ್ನೂ ಐದಾರು. ಇದು ಆಲ್ಟರ್ನೇಟರ್‌ನಿಂದ ಬರದಿದ್ದರೆ ಬ್ಯಾಟರಿಯೇ ಕೊಡಬೇಕು. 35 ಆಂಪಿಯರ್ ಅವರ್‌ನ ಬ್ಯಾಟರಿ, ಅದೂ ಅರೆಹೊಟ್ಟೆಯದು, ಒಂದು ಗಂಟೆ ಬಂದರೆ ದೊಡ್ಡದು.

ಊರಿಗೆ ವಾಪಸ್ ಬಂದು ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರ ಹತ್ತಿರ ವೋಲ್ಟೇಜ್ ಅಳೆಯುವ ಮೀಟರ್ ಇತ್ತು, ಆದರೆ ತೆಗೆಯಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿಸಿ, ಹೆಡ್‌ಲೈಟ್ ಹಾಕಿಸಿ, ನೆಗೆಟಿವ್ ಟರ್ಮಿನಲ್ ಕಿತ್ತರು. ಚಟ್ ಅಂತ ಕಿಡಿ ಹಾರಿತು. ‘ನೋಡಿ ಸಾರ್, ಎಂಜಿನ್ ನಿಲ್ಲಲಿಲ್ಲ. ಆಲ್ಟರ್ನೇಟರ್ ಸರಿ ಇದೆ’ ಅಂದರು. ಖಾತ್ರಿ ಮಾಡಿಕೊಳ್ಳಲು ಇನ್ನೊಂದಿಷ್ಟು ಆಕ್ಸಿಲರೇಟರ್ ಕೊಟ್ಟರು. ಮೀಟರ್ ಬೋರ್ಡಿನ ದೀಪಗಳು ಒಮ್ಮೆ ಬೆಳ್ಳಗೆ ಉರಿದು ಆರಿಹೋದವು. ಬಾನೆಟ್ ಕೆಳಗಿಂದ ಸುಟ್ಟ ವಾಸನೆ ಬಂತು.

ಇದು ಡೈನಮೋ ಕಾಲದಿಂದ ಬಂದ ಪದ್ಧತಿ. ಡೈನಮೋಗೂ ಇದು ಒಳ್ಳೆಯದಲ್ಲ, ಆಲ್ಟರ್ನೇಟರ್‌ಗಂತೂ ಮಾರಿ. ಆಲ್ಟರ್ನೇಟರ್ ತಳ್ಳುತ್ತಿರುವ ಕರೆಂಟನ್ನು ಹಿಡಿದಿಟ್ಟುಕೊಳ್ಳುವುದು ಬ್ಯಾಟರಿ. ಅದನ್ನು ತಟ್ಟನೆ ಕಿತ್ತರೆ ಆ ಕರೆಂಟಿಗೆ ಹೋಗಲು ಜಾಗವಿಲ್ಲ. 14 ಇರಬೇಕಾದ ವೋಲ್ಟೇಜ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಪಟ್ಟು ಏರುತ್ತದೆ. ಮೊದಲು ಹೋಗುವುದು ಆಲ್ಟರ್ನೇಟರ್ ಒಳಗಿನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ), ಆಮೇಲೆ ರೆಗ್ಯುಲೇಟರ್, ಆಮೇಲೆ ಸಿಕ್ಕಿದ ಬಲ್ಬು, ಸ್ಟೀರಿಯೋ. ಇನ್ನೊಂದು ಅಪಾಯ ಆ ಕಿಡಿಯದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಅದರ ಪಕ್ಕದಲ್ಲೇ ಕಿಡಿ ಹಾರಿದರೆ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಬರಬಹುದು.

ಮರುದಿನದಿಂದ ಚಾರ್ಜಿಂಗ್ ಕೆಂಪು ದೀಪ ಮಂದವಾಗಿ ಉರಿಯತೊಡಗಿತು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಪೂರ್ತಿ ಡೌನ್. ಡಯೋಡ್ ಕೆಟ್ಟು, ಬ್ಯಾಟರಿಯ ಕರೆಂಟ್ ಆಲ್ಟರ್ನೇಟರ್ ಮೂಲಕವೇ ಸೋರುತ್ತಿತ್ತು. ಡಯೋಡ್ ಪ್ಲೇಟ್, ರೆಗ್ಯುಲೇಟರ್, ಕೂಲಿ ಸೇರಿ 3,200. ಅಷ್ಟಾದರೂ ಮೊದಲಿನ ತೊಂದರೆ ಹಾಗೇ ಇತ್ತು. ‘ಹೊಸ ಬ್ಯಾಟರಿಯೇ ಡೂಪ್ಲಿಕೇಟ್ ಇರಬೇಕು’ ಅಂತ ಸಲಹೆ ಬಂತು.

ಇನ್ನೊಂದು ಬ್ಯಾಟರಿ ತರಲು ಹೊರಟಾಗ ತಡೆದವರು ಎದುರುಮನೆಯ ಅಂಕಲ್. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರ್ ಆದವರು. ‘ಸೆಲ್ಫ್ ಹೊಡಿ ಮರಿ’ ಅಂದರು. ಹೊಡೆದೆ. ಕಿಟಕಿಯಿಂದ ಕೈ ಹಾಕಿ ಚೋಕ್ ಕಡ್ಡಿ ಮುಟ್ಟಿದರು. ‘ಇದು ಬಿಸಿ ಆಗ್ತಿದೆಯಲ್ಲಪ್ಪ, ಯಾವತ್ತಿಂದ?’

ಆಮೇಲೆ ಅವರು ಮಾಡಿದ್ದು ಮೂರೇ ಅಳತೆ. ಎಂಜಿನ್ ಸ್ವಲ್ಪ ಜೋರಾಗಿ ಓಡಿಸಿ, ಹೆಡ್‌ಲೈಟ್ ಹಾಕಿ ಮೀಟರ್ ಹಿಡಿದರು. ಆಲ್ಟರ್ನೇಟರ್‌ನ ದೊಡ್ಡ ಟರ್ಮಿನಲ್‌ನಿಂದ ಅದರ ಮೈಗೆ 14.2 ವೋಲ್ಟ್. ಬ್ಯಾಟರಿಯ ಮೇಲೆ ಬರೀ 12.7. ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕ್‌ಗೆ ಹಿಡಿದಾಗ 1.3! ಅಲ್ಲಿ 0.2ಕ್ಕಿಂತ ಜಾಸ್ತಿ ಇರಬಾರದು. ಆಲ್ಟರ್ನೇಟರ್ ಸರಿಯಾಗಿಯೇ ಕೊಡುತ್ತಿತ್ತು, ವಾಪಸ್ ಬರುವ ದಾರಿ ಕಟ್ಟಿಕೊಂಡಿತ್ತು.

ಕಾರಿನ ಬಾಡಿಯೇ ಕರೆಂಟ್ ವಾಪಸ್ ಹೋಗುವ ತಂತಿ ಇದ್ದಂತೆ, ಬ್ಯಾಟರಿಯ ನೆಗೆಟಿವ್ ಸೇರುವುದು ಅದಕ್ಕೇ. ಇದನ್ನೇ ಅರ್ಥ್ ಅನ್ನುವುದು. ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್‌ನಿಂದ ಕಾರಿನ ಬಾಡಿಯವರೆಗೆ ಹೆಣೆದ ತಾಮ್ರದ ಅರ್ಥ್ ಪಟ್ಟಿ ಇರುತ್ತದೆ. ಪೇಂಟಿಂಗ್ ಆದಮೇಲೆ ಆ ಪಟ್ಟಿಯನ್ನು ಹೊಸ ಪೇಂಟ್ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದರು. ಪೇಂಟಿನಲ್ಲೂ ಕರೆಂಟ್ ಹರಿಯುವುದಿಲ್ಲ. ಸರಿಯಾದ ದಾರಿ ಸಿಗದೆ, ಸೆಲ್ಫ್ ಹೊಡೆದಾಗಲೆಲ್ಲ ಕರೆಂಟ್ ಚೋಕ್ ಕೇಬಲ್ಲಿನ ಸಣ್ಣ ತಂತಿ ಹಿಡಿದು ಹರಿಯುತ್ತಿತ್ತು. ಬಿಸಿಯಾಗದೆ ಇನ್ನೇನು? ಇದೇ ರೀತಿ ಚೋಕ್, ಆಕ್ಸಿಲರೇಟರ್ ಕೇಬಲ್‌ನಿಂದ ಹೊಗೆ ಬರುವುದೂ ಉಂಟು.

ಅಂಕಲ್ ಬೋಲ್ಟ್ ಬಿಚ್ಚಿದರು. ನಾನು ಎಮರಿ ಪೇಪರ್ ಹಿಡಿದು, ಬಿಳಿ ಲೋಹ ಹೊಳೆಯುವವರೆಗೆ ಎಂಟಾಣೆ ಅಗಲ ಪೇಂಟ್ ಉಜ್ಜಿದೆ. ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಇಪ್ಪತ್ತು ನಿಮಿಷದ ಕೆಲಸ. ಬ್ಯಾಟರಿ ಮೇಲೆ 13.9. ಸೆಲ್ಫ್ ಅರ್ಧ ಸುತ್ತಿಗೇ ಎತ್ತಿಕೊಂಡಿತು.

ನಿಮ್ಮ ಗಾಡಿಯಲ್ಲಿ ತೊಂದರೆ ಬಂದರೆ ಮೊದಲು 400–500 ರೂಪಾಯಿಯ ಒಂದು ಮಲ್ಟಿಮೀಟರ್ ತನ್ನಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒಳ್ಳೆಯ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ನೀರು ಕುದಿದು ಹೋಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕಮ್ಮಿ ಬಂದರೆ ಮೊದಲು ಫ್ಯಾನ್ ಬೆಲ್ಟ್ ಒತ್ತಿ ನೋಡಿ, ಸುಮಾರು ಅರ್ಧ ಇಂಚು ಬಗ್ಗಬೇಕು. ಆಮೇಲೆ ನಾನು ಹೇಳಿದ ಆ ಮೂರು ಅಳತೆ. ಅದೆಲ್ಲ ಆದಮೇಲೆ ಆಲ್ಟರ್ನೇಟರ್ ಬಿಚ್ಚುವ ಮಾತು.

ಕೆಂಪು ಚಾರ್ಜಿಂಗ್ ದೀಪವನ್ನು ಬರೀ ದೀಪ ಅಂದುಕೊಳ್ಳಬೇಡಿ. ಹಳೇ ಆಲ್ಟರ್ನೇಟರ್‌ಗಳಲ್ಲಿ ಆ ಬಲ್ಬಿನ ಮೂಲಕ ಹೋಗುವ ಕರೆಂಟೇ ಅದನ್ನು ಎಬ್ಬಿಸುವುದು. ಬಲ್ಬ್ ಸುಟ್ಟಿದ್ದರೆ, ಇಲ್ಲಾ ಸುಮ್ನೆ ಚೆಂದಕ್ಕೆ ಎಲ್‌ಇಡಿ ಹಾಕಿದ್ದರೆ, ಚಾರ್ಜಿಂಗ್ ಶುರುವೇ ಆಗದಿರಬಹುದು. ಡೈನಮೋ ಇರುವವರಿಗೆ ಐಡ್ಲಿಂಗ್‌ನಲ್ಲಿ ಆ ದೀಪ ಉರಿಯುವುದು ಸಹಜ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಆರಬೇಕು. ಬ್ರಿಟನ್‌ನ ಹಳೇ ಕಾರುಗಳಲ್ಲಿ ಹಲವು ಪಾಸಿಟಿವ್ ಅರ್ಥ್ (ಬಾಡಿಯನ್ನು ಸೇರುವುದು ಪಾಸಿಟಿವ್ ತುದಿ) ಇರುತ್ತವೆ, ಹಾಗಾಗಿ ಬ್ಯಾಟರಿ ಕೂರಿಸುವಾಗ ಯಾವ ತುದಿ ಬಾಡಿಯನ್ನು ಸೇರಿದೆ ಅಂತ ಎರಡು ಸಲ ನೋಡಿ.

ಪೇಂಟಿಂಗ್‌ಗೆ ಕೊಡುವ ಮೊದಲು ಎಲ್ಲ ಅರ್ಥ್ ಪಾಯಿಂಟುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಗಾಡಿ ವಾಪಸ್ ಬಂದ ದಿನವೇ ಒಂದೊಂದನ್ನೂ ಬಿಚ್ಚಿ, ಉಜ್ಜಿ, ಬಿಗಿಸಿ.

ನಮ್ಮ ಚೋಕ್ ಕೇಬಲ್ ಒಳಗೆ ಕರಗಿ ಅಂಟಿಕೊಂಡಿದೆ. ಮುಂದಿನ ವಾರ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಹೊಸದು ಹುಡುಕಬೇಕು. ಅದು ಸಿಕ್ಕಿದ ಮೇಲೆ ಮಗಳನ್ನು ಕರೆದುಕೊಂಡು ಮತ್ತೆ ಘಾಟಿ ಇಳಿಯುತ್ತೇನೆ, ಈ ಸಲ ಹಗಲಿನಲ್ಲಿ.