ಫ್ರೀಕ್ಯಾಡ್ ಸ್ಕೆಚರ್: ಮೂರೂವರೆ ವರ್ಷ ಬಳಸಿದವನ ಅನುಭವ

ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ಡು. ಒಂದು ಲೇತು, ಒಂದು ಡ್ರಿಲ್ಲಿಂಗ್ ಮಶೀನು, ಎರಡು ವೆಲ್ಡಿಂಗ್ ಸೆಟ್ಟು, ಮೂಲೆಯಲ್ಲಿ 8 ಜಿಬಿಯ ಹಳೇ ಲ್ಯಾಪ್‌ಟಾಪು. ಅಡಿಕೆ ಸುಲಿಯುವ ಯಂತ್ರದ ಫ್ರೇಮು, ಮೋಟಾರಿನ ಬೇಸ್ ಪ್ಲೇಟು, ಬೆಲ್ಟ್ ಗಾರ್ಡು, ಇಂಥ ಕೆಲಸವೇ ಜಾಸ್ತಿ. 2022ರಲ್ಲಿ ಫ್ರೀಕ್ಯಾಡ್ 0.20 ಹಾಕಿಕೊಂಡೆ, ಕಂಪ್ಯೂಟರಿನಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವ ಸಾಫ್ಟ್‌ವೇರ್ ಅದು. ಕಾರಣ ದೊಡ್ಡದೇನಲ್ಲ, ಅದಕ್ಕೆ ಕಾಸು ಕೊಡಬೇಕಿಲ್ಲ. ವರ್ಷ ವರ್ಷ ದುಡ್ಡು ಕಟ್ಟುವ ಸಾಫ್ಟ್‌ವೇರ್ ನಮ್ಮಂಥವರಿಗೆ ಗಿಟ್ಟುವುದಿಲ್ಲ. ಇದರಲ್ಲಿ ಎಷ್ಟೋ ಭಾಗ ನಾನು ಮುಟ್ಟಿಯೇ ಇಲ್ಲ. ದಿನಾ ಕೂರುವುದು ಸ್ಕೆಚರ್ ಮುಂದೆ, ಅಂದರೆ 2ಡಿ ಚಿತ್ರ ಬರೆಯುವ ಜಾಗ. ಹಾಗಾಗಿ ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲ ಎರಡು ತಿಂಗಳು ಬೈದುಕೊಂಡೇ ಕೆಲಸ ಮಾಡಿದೆ. ಡಿಪ್ಲೊಮಾದಲ್ಲಿ ಕಲಿತಿದ್ದು ಬರೀ ಗೆರೆ ಎಳೆಯುವ ಕ್ಯಾಡ್. 220 ಉದ್ದ ಬೇಕೆಂದರೆ 220 ಒತ್ತಿ ಎಂಟರ್ ಹೊಡೆದರೆ ಮುಗಿಯಿತು. ಇಲ್ಲಿ ಮೊದಲು ಅಂದಾಜಿಗೆ ಒಂದು ಆಕಾರ ಗೀಚಬೇಕು. ಆಮೇಲೆ ಈ ಎರಡು ತೂತು ಒಂದೇ ಅಳತೆ, ಈ ಗೆರೆ ಆ ಕಮಾನಿಗೆ ತಾಗಿಕೊಂಡೇ ಇರಬೇಕು, ಈ ಬಿಂದು ನಡುಗೆರೆ ಬಿಟ್ಟು ಅಲುಗಬಾರದು ಅಂತ ಒಂದೊಂದಾಗಿ ಕಟ್ಟಿಹಾಕಬೇಕು. ಕನ್‌ಸ್ಟ್ರೇಂಟ್ ಅನ್ನುವುದು ಇದಕ್ಕೇ. ಒಂದು ಆಯತ ಬರೆದರೆ ಪಕ್ಕದಲ್ಲಿ '4' ಅಂತ ಬಾಕಿ ತೋರಿಸುತ್ತದೆ. ಅಗಲ ಎಷ್ಟು, ಎತ್ತರ ಎಷ್ಟು, ಅಡ್ಡಕ್ಕೆ ಎಲ್ಲಿದೆ, ಉದ್ದಕ್ಕೆ ಎಲ್ಲಿದೆ, ನಾಲ್ಕೂ ಹೇಳಿಲ್ಲ ಅಂತ. ಹೇಳಿ ಮುಗಿಸಿದರೆ ಚಿತ್ರ ಪೂರ್ತಿ ಹಸಿರಾಗುತ್ತದೆ. ಬಾಕಿ ಎಲ್ಲಿದೆ ಗೊತ್ತಾಗದಿದ್ದರೆ ಮೌಸ್‌ನಲ್ಲಿ ಒಂದು ಮೂಲೆ ಹಿಡಿದು ಎಳೆದು ನೋಡಿ. ಯಾವುದು ಓಡಾಡುತ್ತದೋ ಅದೇ.

ಇದು ಹೊಸ ಉಪಾಯವೇನಲ್ಲ. 1963ರಲ್ಲಿ ಐವಾನ್ ಸದರ್ಲೆಂಡ್ ಎಂಐಟಿಯಲ್ಲಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಲೈಟ್ ಪೆನ್ನಿನಿಂದ ಗೆರೆ ಬರೆದು ಹೀಗೆ ಕಟ್ಟಿಹಾಕಬಹುದಿತ್ತು. ನನಗೆ ತಲೆಗೆ ಹತ್ತಲು 2022 ಆಗಬೇಕಾಯಿತು, ಅಷ್ಟೇ.

ತಲೆಗೆ ಹತ್ತಿಸಿದ್ದು ಒಂದು ಬೇಸ್ ಪ್ಲೇಟು. ಗುಬ್ಬಿ ಕಡೆಯ ಗಿರಾಕಿಯೊಬ್ಬರ ಯಂತ್ರಕ್ಕೆ 1 ಎಚ್‌ಪಿ ಮೋಟಾರು, 80 ಫ್ರೇಮ್ (ಮೋಟಾರಿನ ಗಾತ್ರಕ್ಕೆ ಇಟ್ಟ ಗುರುತು). ಅದರ ಕಾಲಿನ ಬೋಲ್ಟುಗಳ ಅಂತರ 125ಕ್ಕೆ 100 ಮಿ.ಮೀ. ಬೆಲ್ಟ್ ಬಿಗಿ ಮಾಡಲು ಮೋಟಾರು ಹಿಂದೆ ಮುಂದೆ ಸರಿಯಬೇಕಲ್ಲ, ಅದಕ್ಕೆ ನಾಲ್ಕು ಸ್ಲಾಟು, ಅಂದರೆ ಉದ್ದನೆಯ ತೂತು. ನಾನು ಹಳೇ ಅಭ್ಯಾಸದಲ್ಲಿ ಎಲ್ಲಾ ಅಳತೆಯನ್ನೂ ಪ್ಲೇಟಿನ ಎಡಗಡೆ ಅಂಚಿನಿಂದ ಕೊಟ್ಟಿದ್ದೆ. ಚಿತ್ರ ಹಸಿರಾಯಿತು, ಪ್ಲೇಟೂ ಸರಿಯಾಗಿ ಬಂತು. ಮುಂದಿನ ಹಂಗಾಮಿಗೆ ಅವರದೇ ಫೋನು: "2 ಎಚ್‌ಪಿ ಹಾಕಿಸ್ತಾ ಇದ್ದೀನಿ ಸ್ವಾಮಿ, ಪ್ಲೇಟ್ ಮಾಡಿಕೊಡಿ." 2 ಎಚ್‌ಪಿ ಅಂದರೆ 90ಎಲ್ ಫ್ರೇಮ್, ಬೋಲ್ಟು 140ಕ್ಕೆ 125. ಒಂದು ಅಂಕಿ ಬದಲಾಯಿಸಿದೆ. ಎರಡು ಸ್ಲಾಟು ಪಕ್ಕಕ್ಕೆ ಸರಿದವು, ಉಳಿದೆರಡು ಅಲ್ಲೇ ನಿಂತವು. ಮೋಟಾರು ಪ್ಲೇಟಿನ ನಡುವೆಯೇ ಇಲ್ಲ.

ನಮ್ಮ ಲೇತ್ ನೋಡಿಕೊಳ್ಳುವ ಯಜಮಾನರು ಹಿಂದೆ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಕಂಪ್ಯೂಟರ್ ಮುಟ್ಟುವುದಿಲ್ಲ. ಹಿಂದೆ ನಿಂತು ನೋಡುತ್ತಾ ಇದ್ದವರು, "ಮಾರ್ಕಿಂಗ್ ಮಾಡುವಾಗ ಮೊದಲು ನಡುಗೆರೆ ಹಾಕ್ತೀಯೋ ಇಲ್ವೋ? ಇಲ್ಲಿ ಯಾಕಪ್ಪಾ ಅಂಚಿಂದ ಶುರು ಮಾಡಿದೆ?" ಅಂದರು. ಅಷ್ಟೇ ಮಾತು.

ಎಲ್ಲಾ ಅಳಿಸಿ ಮತ್ತೆ ಬರೆದೆ. ಪ್ಲೇಟಿನ ನಡುವನ್ನು ಮೂಲಬಿಂದುವಿಗೆ ಕೂರಿಸಿದೆ. ಎಡಬಲದ ಸ್ಲಾಟುಗಳು ಒಂದು ಅಕ್ಷಕ್ಕೆ ಸಿಮೆಟ್ರಿಕ್ (ಎರಡೂ ಬದಿಗೆ ಸಮದೂರ), ಮೇಲೆ ಕೆಳಗಿನವು ಇನ್ನೊಂದಕ್ಕೆ. ನಾಲ್ಕೂ ಸ್ಲಾಟಿಗೆ ಈಕ್ವಲ್, ಅಂದರೆ ಒಂದೇ ಅಳತೆ. ಪ್ಲೇಟಿಗೆ ಒಟ್ಟು ಅಗಲ ಕೊಡಲೇ ಇಲ್ಲ. ಸ್ಲಾಟಿನಿಂದ ಅಂಚಿಗೆ 30 ಬಿಡು ಅಂತ ಮಾತ್ರ ಹೇಳಿದೆ. ಈಗ 125 ತೆಗೆದು 140, 100 ತೆಗೆದು 125 ಒತ್ತಿದರೆ ಸ್ಲಾಟುಗಳು ಸರಿದು, ಪ್ಲೇಟು ತಾನೇ ಒಂದು ಕಡೆ 15, ಇನ್ನೊಂದು ಕಡೆ 25 ಮಿ.ಮೀ. ಬೆಳೆಯುತ್ತದೆ. ಅರ್ಧ ನಿಮಿಷದ ಕೆಲಸ. (ಶಾಫ್ಟು 19ರಿಂದ 24ಕ್ಕೆ ಹೋಗಿತ್ತು, ಪುಲ್ಲಿಯ ಬೋರು ಮತ್ತೆ ಮಾಡಿಸಬೇಕಾಯಿತು. ಅದನ್ನು ಯಾವ ಸಾಫ್ಟ್‌ವೇರೂ ತಪ್ಪಿಸಲ್ಲ ಬಿಡಿ.) ಆ ಫೈಲ್ ಇವತ್ತಿಗೂ ಬಳಸುತ್ತಿದ್ದೇನೆ. ಬೇರೆ ಮೋಟಾರು ಬಂದರೆ ಎರಡು ಅಂಕಿ ಬದಲಾಯಿಸುವುದು, ಅಷ್ಟೇ.

ಇನ್ನು ತಲೆನೋವುಗಳು. ಒಂದೇ ವಿಷಯವನ್ನು ಎರಡು ಸಲ ಹೇಳಿದರೆ ಸ್ಕೆಚರ್ ಒಪ್ಪುವುದಿಲ್ಲ, ರಿಡಂಡೆಂಟ್ ಅಂತ ಜಗಳಕ್ಕೆ ಬರುತ್ತದೆ. ಸಿಮೆಟ್ರಿಕ್ ಹಾಕಿದ ಮೇಲೆ ಅಲ್ಲಿ ಹಾರಿಜಾಂಟಲ್ (ಅಡ್ಡಕ್ಕೆ ನೇರ) ಹಾಕುವ ಹಾಗಿಲ್ಲ, ಅದು ಆಗಲೇ ಸೇರಿರುತ್ತದೆ. ಸಂದೇಶದ ಮೇಲೆ ಕ್ಲಿಕ್ ಮಾಡಿದರೆ ಯಾವುದು ಹೆಚ್ಚಾಗಿದೆ ಅಂತ ತೋರಿಸುತ್ತದೆ, ಅದನ್ನು ಅಳಿಸಿದರೆ ಸರಿ. ತೂತಿನ ಜಾಲರಿ ಬರೆಯುವವರಿಗೆ ಒಂದು ಮಾತು: 60 ತೂತನ್ನು ಸ್ಕೆಚ್‌ನಲ್ಲೇ ಬರೆಯಬೇಡಿ. ನನ್ನ ಲ್ಯಾಪ್‌ಟಾಪು ಒಂದೊಂದು ಕ್ಲಿಕ್‌ಗೂ ಉಸಿರು ಎಳೆಯುತ್ತಿತ್ತು. ಒಂದೇ ತೂತು ಬರೆದು ಆಚೆ ಪಾರ್ಟ್ ಡಿಸೈನ್‌ನಲ್ಲಿ (3ಡಿ ಭಾಗ ಮಾಡುವ ಜಾಗ) ಪ್ಯಾಟರ್ನ್ ಹಾಕಿ, ಉಳಿದ ತೂತನ್ನು ಅದೇ ನಕಲು ಮಾಡುತ್ತದೆ.

ಒಂದು ಸಲ ದಂಡವೂ ಕಟ್ಟಿದ್ದೇನೆ. ಬೆಲ್ಟ್ ಗಾರ್ಡಿನ ಚಿತ್ರವನ್ನು ಡಿಎಕ್ಸ್‌ಎಫ್ (ಕಟಿಂಗ್ ಮಶೀನಿಗೆ ಕೊಡುವ ಚಿತ್ರದ ಫೈಲ್) ಮಾಡಿ ಲೇಸರ್ ಕಟಿಂಗ್‌ಗೆ ಕಳಿಸಿದ್ದೆ. "ಸಾರ್, ಲೂಪ್ ಓಪನ್ ಇದೆ" ಅಂತ ಆಪರೇಟರ್ ಫೋನು. ಕಣ್ಣಿಗೆ ಕೂಡಿಕೊಂಡ ಹಾಗೆ ಕಾಣುವ ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು. ತಪ್ಪು ನನ್ನದೇ, ಎರಡು ತುದಿ ಕೂಡಿಸುವ ಕೋಇನ್ಸಿಡೆಂಟ್ ಹಾಕಿರಲಿಲ್ಲ. ಆ ದಿನದ ಸರದಿ ತಪ್ಪಿತು, ಮಾಲು ಎರಡು ದಿನ ತಡ. ಇದನ್ನು ಹುಡುಕಿಕೊಡಲು ವ್ಯಾಲಿಡೇಟ್ ಸ್ಕೆಚ್ ಅಂತ ಒಂದು ಉಪಕರಣ ಸ್ಕೆಚರ್ ಒಳಗೇ ಇದೆ. ಈಗ ಅದನ್ನು ಓಡಿಸದೆ ಯಾವ ಫೈಲೂ ಆಚೆ ಕಳಿಸುವುದಿಲ್ಲ.

2024ರ ನವೆಂಬರ್‌ನಲ್ಲಿ ಫ್ರೀಕ್ಯಾಡ್ 1.0 ಬಂದ ಮೇಲೆ ಕೆಲಸ ಹಗುರವಾಗಿದೆ. ಉದ್ದ, ವ್ಯಾಸ, ಕೋನ ಎಲ್ಲಕ್ಕೂ ಈಗ ಒಂದೇ ಡೈಮೆನ್ಶನ್ ಉಪಕರಣ ಸಾಕು, ಏನನ್ನು ಆರಿಸಿದ್ದೀರಿ ನೋಡಿಕೊಂಡು ಅದೇ ತೀರ್ಮಾನ ಮಾಡುತ್ತದೆ. ಬರೆಯುವಾಗಲೇ ಅಳತೆ ಟೈಪ್ ಮಾಡಬಹುದು. ಮುಂಚೆ ಕೆಳಗಿನ ಸ್ಕೆಚ್ ಮುಟ್ಟಿದರೆ ಅದರ ಮೇಲೆ ಕೂರಿಸಿದ ಸ್ಕೆಚ್ ದಿಕ್ಕು ತಪ್ಪಿ ಎಲ್ಲೋ ಹೋಗುತ್ತಿತ್ತು. ಆ ಕಾಟ ಪೂರ್ತಿ ಹೋಗಿಲ್ಲ, ಆದರೆ ತುಂಬಾ ಕಮ್ಮಿಯಾಗಿದೆ.

ಕನ್ನಡದಲ್ಲಿ ಹೆಸರು ಕೊರೆಯಬೇಕಾದರೆ ಮಾತ್ರ ಇದನ್ನು ನಂಬಬೇಡಿ. ಅಕ್ಷರ ಬರೆಯುವ ಶೇಪ್‌ಸ್ಟ್ರಿಂಗ್‌ನಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ನಾನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬರೆದು, ಪಾತ್ ಮಾಡಿ (ಅಕ್ಷರವನ್ನು ಗೆರೆಯಾಗಿಸಿ), ಎಸ್‌ವಿಜಿ ಫೈಲಾಗಿ ತರುತ್ತೇನೆ. ಗುಬ್ಬಿಯವರ ಮುಂದಿನ ಯಂತ್ರಕ್ಕೆ ಅವರ ಮಗಳ ಹೆಸರು ಕೊರೆಯಬೇಕಂತೆ. ಹೆಸರಲ್ಲಿ ಎರಡು ಒತ್ತು ಇದೆ. ಸದ್ಯ ಅದೇ ನಡೀತಾ ಇದೆ.